ನಮ್ಮ ಕೆರೆ ಯೋಜನೆಗೆ ಗ್ರಾಮಸಭೆ ಒಪ್ಪಿತು

ಮೊನ್ನೆ ಗುರುವಾರ ಗ್ರಾಮಸಭೆಯಲ್ಲಿ ನಮ್ಮ ಮೂರು ಕೆರೆಗಳನ್ನು ಸರಿಪಡಿಸುವ ಯೋಜನೆ ಪಾಸಾಯಿತು. ನಡಾವಳಿ ಪುಸ್ತಕದಲ್ಲಿ ಬರೆದು, ಸಹಿ ಹಾಕಿ, ಹೆಬ್ಬೆಟ್ಟು ಒತ್ತಿ, ಪಂಚಾಯ್ತಿಯ ಕ್ರಿಯಾ ಯೋಜನೆಗೆ ಸೇರಿಸಿಯೂ ಆಯಿತು. ಅವತ್ತು ಫೋನ್ ಮಾಡಿದವರಿಗೆಲ್ಲ "ಆಯ್ತು ಕಣ್ರೀ" ಅಂತಷ್ಟೇ ಹೇಳಿ ಇಟ್ಟುಬಿಟ್ಟೆ. ಬೇಜಾರು ಮಾಡಿಕೊಳ್ಳಬೇಡಿ, ಗಂಟಲು ಸರಿಯಿರಲಿಲ್ಲ.

ಯೋಜನೆಯೊಳಗೆ ಏನಿದೆ, ಯಾವ ಕೆರೆಯಲ್ಲಿ ಎಷ್ಟು ಹೂಳು, ಯಾವ ರಾಜಕಾಲುವೆ ಯಾರ ತೋಟದೊಳಗೆ ಮಾಯವಾಗಿದೆ ಅನ್ನೋದು ನಿಮ್ಮಲ್ಲಿ ಬಹಳ ಜನಕ್ಕೆ ಬಾಯಿಪಾಠ. ಅದನ್ನೇ ಮತ್ತೆ ಊದುವುದಿಲ್ಲ. ಇದು ಬಾಕಿ ತೀರಿಸುವ ಬರಹ.

ಮೊದಲು ಚಿಲ್ಲರೆ ಬಾಕಿ. ಗ್ರಾಮ ನಕ್ಷೆಯ ಜೆರಾಕ್ಸ್‌ಗೆ ನಮ್ಮನ್ನು ಅಲೆಸದೆ ಕೊಟ್ಟ ಪಿಡಿಒ ಸಾಹೇಬರಿಗೆ, ಸರ್ಕಾರದ ಭೂ ನಕ್ಷೆ ತೋರಿಸುವ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಹುಡುಕಿ ಒತ್ತುವರಿ ಎಲ್ಲಿ ಶುರು ಅಂತ ತೋರಿಸಿಕೊಟ್ಟ ಇಬ್ಬರು ಗೆಳೆಯರಿಗೆ, ಏಳನೇ ಕ್ಲಾಸಿನ ಮಕ್ಕಳ ಕೈಲಿ ಊರಿನ ಬೋರ್‌ವೆಲ್‌ಗಳನ್ನೆಲ್ಲ ಎಣಿಸಿಸಿದ ಮೇಷ್ಟ್ರಿಗೆ, ಮೊದಲ ಮೀಟಿಂಗ್‌ನಲ್ಲಿ ನಮ್ಮನ್ನು ಬೈದು ಎರಡನೆಯದಕ್ಕೆ ತಾವಾಗಿಯೇ ಬಂದ ಮೇಲಿನ ಊರಿನವರಿಗೆ, ಲೆಕ್ಕ ಬರೆಯದೆ ಟೀ ಕೊಟ್ಟ ಅಂಗಡಿಯವರಿಗೆ, ಅಮ್ಮನಿಗೆ, ಎಲ್ಲರಿಗೂ ಒಟ್ಟಿಗೆ ನಮಸ್ಕಾರ. ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳಲ್ಲ ಅಂದುಕೊಳ್ಳಬೇಡಿ. ಉಳಿದ ಜಾಗ ಒಬ್ಬರಿಗೆ ಬೇಕು, ನಾನು ಅಕ್ಕ ಅಂತ ಕರೆಯುವವಳಿಗೆ.

ಅಕ್ಕನ ಹೆಸರು ಬರೆಯುವುದಿಲ್ಲ. "ಹೆಸರು ಹಾಕಬೇಡ, ಊರಲ್ಲಿ ಒಂದಕ್ಕೆ ಎರಡು ಸೇರಿಸ್ತಾರೆ" ಅಂದಿದ್ದಾಳೆ. ನೀರುಗಂಟಿ ಮನೆಯ ಸೊಸೆ. ಉದ್ಯೋಗ ಖಾತ್ರಿ ಕೆಲಸದಲ್ಲಿ ಕಾಯಕ ಬಂಧು, ಅಂದರೆ ಅಳತೆ ಹಾಕಿ, ಹಾಜರಿ ಬರೆದು, ಕೂಲಿಯವರ ಹತ್ತಿರವೂ ಎಂಜಿನಿಯರ್ ಹತ್ತಿರವೂ ಬೈಸಿಕೊಳ್ಳುವವಳು.

ನಮ್ಮ ಕಡೆಯವರಲ್ಲದವರಿಗೆ ಎರಡು ಮಾತು. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿಯಿಲ್ಲ. ಇರುವುದು ಕೆರೆ, ಜಿಲ್ಲೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು. ಮೇಲಿನ ಕೆರೆ ಕೋಡಿ ಬಿದ್ದರೆ, ಅಂದರೆ ತುಂಬಿ ಹೊರಗೆ ಹರಿದರೆ, ಕೆಳಗಿನದು ತುಂಬಬೇಕು, ಹಾಗೆ ಸರಪಳಿ ಹಾಕಿದ್ದಾರೆ ಹಿಂದಿನವರು. ಕೆರೆಯಿಂದ ನೀರು ಬಿಡುವ ತೂಬು ಎತ್ತಿ, ಅಚ್ಚುಕಟ್ಟಿನ ಗದ್ದೆ ಗದ್ದೆಗೂ ನೀರು ಹಂಚುವವನು ನೀರುಗಂಟಿ. ಕೊಯ್ಲಿನ ಹೊತ್ತಿಗೆ ಅವನಿಗೆ ಧಾನ್ಯದಲ್ಲಿ ಪಾಲು. ಕೆರೆ ಬತ್ತಿ, ಬೋರ್‌ವೆಲ್ ಸಾವಿರ ಅಡಿ ದಾಟಿದ ಮೇಲೆ ತೂಬಿಗೂ ಕೆಲಸವಿಲ್ಲ, ನೀರುಗಂಟಿಗೂ ಇಲ್ಲ. ಅಕ್ಕನ ಮಾವ ತೀರಿಕೊಂಡು ಬಹಳ ವರ್ಷವಾಯಿತು. ಅವರಿಗೆ ದಿನಾ ತೂಬಿನ ಹತ್ತಿರ ಮುದ್ದೆ ಒಯ್ಯುತ್ತಿದ್ದವಳು ಇವಳು. ಅವರು ಊಟ ಮಾಡುತ್ತಾ ಮಾತಾಡಿದ್ದೆಲ್ಲ ಇವಳ ತಲೆಯಲ್ಲಿತ್ತು. ನಾವು ಕೇಳಲಿಲ್ಲ ಅಷ್ಟೇ.

ನಾವು ಕೇಳಲಿಲ್ಲ ಅಂತ ಸುಮ್ಮನೆ ಹೇಳಿದರೆ ಸಾಲದು, ಪೂರ್ತಿ ಹೇಳುತ್ತೇನೆ.

2020ರ ಜನವರಿಯಲ್ಲಿ ದೇವಸ್ಥಾನದ ಮುಂದೆ ನಾವು ಕೆರೆ ನಕ್ಷೆ ಬರೆಸಿದ್ದು ನಿಮಗೆ ನೆನಪಿರಬಹುದು. ಊರಿನವರೇ ನೆಲದ ಮೇಲೆ ತಮ್ಮ ಊರು ಬರೆಯುವ ಈ ಪದ್ಧತಿಯನ್ನು ಮೈರಾಡ ಸಂಸ್ಥೆಯವರು 1989ರ ಸುಮಾರಿಗೇ ಕರ್ನಾಟಕದ ಹಳ್ಳಿಗಳಲ್ಲಿ ಮಾಡಿ ತೋರಿಸಿದ್ದರು. ನಾನು ಅದನ್ನೆಲ್ಲ ಓದಿಕೊಂಡು, ಚೀಲದಲ್ಲಿ ರಂಗೋಲಿ ಪುಡಿ ತುಂಬಿಕೊಂಡು ಹೋಗಿದ್ದೆ. ಕಾಲುವೆಗೆ ಬಿಳಿ, ಅಚ್ಚುಕಟ್ಟಿಗೆ ಹಸಿರು, ಮನೆಗೊಂದು ಹುಣಸೆ ಬೀಜ. ಫೋಟೊ ಬಹಳ ಚೆನ್ನಾಗಿ ಬಂತು, ನೀವೆಲ್ಲ ಹಂಚಿಕೊಂಡಿರಿ. ವರದಿಯಲ್ಲಿ "ಎಲ್ಲ ಪಾಲುದಾರರ ಸಹಭಾಗಿತ್ವದಲ್ಲಿ" ಅಂತ ಬರೆದೆ. (ನಮ್ಮ ಊರಲ್ಲಿ ಪಾಲುದಾರ ಅಂದರೆ ಆಸ್ತಿಗೆ ಕೋರ್ಟು ಹತ್ತಿದವನು. ಆ ಪದ ಕೇಳಿ ಇಬ್ಬರು ಯಜಮಾನರು ಎದ್ದು ಹೋಗಿದ್ದರು. ನಗಬೇಡಿ.) ಆ ಫೋಟೊ ಇನ್ನೊಮ್ಮೆ ನೋಡಿ. ಪುಡಿ ಹಿಡಿದವರೆಲ್ಲ ದೇವಸ್ಥಾನದ ಕಟ್ಟೆಯ ಮೇಲೆ ಕೂರುವವರು. ಅಕ್ಕ ಫೋಟೊದಲ್ಲಿಲ್ಲ. ಅವಳ ಕೇರಿಯವರು ಆ ಕಟ್ಟೆ ಹತ್ತುವುದಿಲ್ಲ, ಬೇಲಿಯ ಆಚೆ ನಿಂತಿದ್ದರು.

ಮುಂದಿನ ವರ್ಷ ಕೆರೆ ಏರಿಯ ಮೇಲಿನ ಬಳ್ಳಾರಿ ಜಾಲಿ ತೆಗೆಸಿದೆವು. ಜೆಸಿಬಿ ತಂದು ಬುಡಸಮೇತ ಕಿತ್ತು, ಗುಂಡಿಗೆ ಮಣ್ಣು ತಳ್ಳಿ, ಎರಡೇ ದಿನದಲ್ಲಿ ಏರಿ ಬೋಳು. ಆ ಕೆಲಸಕ್ಕೆ ಮೊದಲು ನಡೆದ ಮೀಟಿಂಗ್‌ನ ರೆಕಾರ್ಡಿಂಗ್ ನನ್ನ ಫೋನಿನಲ್ಲಿದೆ. ಹಿಂದಿನಿಂದ ಹೆಂಗಸಿನ ದನಿಯೊಂದು, "ಗುಂಡಿ ಮುಚ್ಚಿದ್ರೆ ಆಗಲ್ಲಮ್ಮಾ, ಜೇಡಿಮಣ್ಣು ಹಾಕಿ ತುಳೀಬೇಕು, ಪದರ ಪದರ ತುಳೀಬೇಕು" ಅನ್ನುತ್ತದೆ. ಆಮೇಲೆ ನನ್ನ ದನಿ, ನಯವಾಗಿ: "ಅಕ್ಕ, ಅದನ್ನ ಆಮೇಲೆ ಮಾತಾಡೋಣ."

ಆಮೇಲೆ ಅನ್ನುವುದು ಬಂದದ್ದು 2021ರ ನವೆಂಬರ್‌ನಲ್ಲಿ.

ಆ ಮಳೆ ನಿಮಗೆಲ್ಲ ಗೊತ್ತು. ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮಲಗಿತು. ಎಷ್ಟೋ ವರ್ಷ ಹನಿ ಕಾಣದ ಕೆರೆಗಳು ತುಂಬಿ ಕೋಡಿ ಬಿದ್ದವು. ಬೆಳಿಗ್ಗೆ ಊರಿಗೆ ಊರೇ ಅರಿಶಿನ ಕುಂಕುಮ ಹಿಡಿದು ಏರಿಗೆ ಬಂದಿತ್ತು, ಹೆಂಗಸರು ಬಾಗಿನ ಬಿಟ್ಟರು, ನಾನೂ ಕುಣಿಯುವುದೊಂದು ಬಾಕಿ. ರಾತ್ರಿ ಹತ್ತಕ್ಕೆ ಫೋನು. ಏರಿಯ ಹೊರಮೈಯಲ್ಲಿ ನೀರು ಜಿನುಗುತ್ತಿದೆ, ನಾವು ಜಾಲಿ ಕಿತ್ತ ಜಾಗದಲ್ಲೇ.

ಕೆಳಗೆ ಮನೆಯಿದ್ದವರು ದನ ಹೊಡೆದುಕೊಂಡು ದಿಬ್ಬಕ್ಕೆ ಹೋದರು. ಹೋಗಬೇಕಾದದ್ದೇ. ರಸ್ತೆಯ ಮೇಲೆ ನೀರು ಹರಿದು ಯಾವ ಗಾಡಿಯೂ ಬರುವಂತಿರಲಿಲ್ಲ. ಹನ್ನೆರಡರ ಹೊತ್ತಿಗೆ ಏರಿಯ ಮೇಲೆ ಉಳಿದವರು ಅಕ್ಕ, ಅವಳ ಮಗ, ಅವನ ಇಬ್ಬರು ಸ್ನೇಹಿತರು, ನಾನು.

ಅಕ್ಕ ಮನೆಯಿಂದ ಒಂದು ಸ್ಟೀಲ್ ಲೋಟ ತಂದಿದ್ದಳು. ಜಿನುಗುವ ಕಡೆ ಕುಕ್ಕರಗಾಲಲ್ಲಿ ಕೂತು ಲೋಟ ಹಿಡಿದು, ತುಂಬಿದ ಮೇಲೆ ಮೊಬೈಲ್ ಬೆಳಕಲ್ಲಿ ಒಳಗೆ ನೋಡಿದಳು. ಲೋಟದ ತಳ ಕಾಣಲಿಲ್ಲ, ಕೆಂಪು ನೀರು. "ತಿಳಿ ನೀರು ಬಂದ್ರೆ ಬರಲಿ, ಏರಿ ಬೆವರೋದು ಸಹಜ. ಕದಡಿದ ನೀರು ಬಂದ್ರೆ ಒಳಗಿನ ಮಣ್ಣು ಹೊರಗೆ ಬರ್ತಾ ಇದೆ ಅಂತ" ಅಂದಳು. ನಾನು ನೀರು ಜಿನುಗುವ ತೂತಿಗೇ ಮೂಟೆ ತುರುಕಲು ಹೋದೆ. ಕೈ ಹಿಡಿದು ಎಳೆದಳು. ಹೊರಗೆ ಅದುಮಿದರೆ ನೀರು ಪಕ್ಕದಲ್ಲಿ ದಾರಿ ಮಾಡಿಕೊಳ್ಳುತ್ತದಂತೆ. ಬದಲಿಗೆ ಅದರ ಸುತ್ತ ಮಣ್ಣಿನ ಮೂಟೆ ಜೋಡಿಸಿ ಬಾವಿಯ ಕಟ್ಟೆಯ ಹಾಗೆ ಕಟ್ಟಿಸಿದಳು. ಒಳಗೆ ನೀರು ನಿಂತು, ಆ ಭಾರಕ್ಕೆ ಸೆಳೆತ ತಗ್ಗಬೇಕು. ಹುಡುಗರನ್ನು ಕೋಡಿಗೆ ಕಳಿಸಿ, ಅಲ್ಲಿ ಅಡ್ಡ ಬಿದ್ದಿದ್ದ ಜಾಲಿ ಕೊಂಬೆ, ನೀರು ಹೆಚ್ಚು ನಿಲ್ಲಲಿ ಅಂತ ಯಾರೋ ಪೇರಿಸಿದ್ದ ಕಲ್ಲು ಎಲ್ಲ ಕೀಳಿಸಿದಳು. ತಾನು ಏರಿಯ ಒಳಮೈಗೆ ಇಳಿದು ನೀರಿನ ಮೇಲೆ ರಾಗಿ ಹೊಟ್ಟು ಚೆಲ್ಲಿದಳು. ಹೊಟ್ಟು ಒಂದು ಕಡೆ ಸುತ್ತಿ ಒಳಗೆ ಹೋಯಿತು. ಅಲ್ಲಿಗೆ ಜೇಡಿಮಣ್ಣಿನ ಮೂಟೆ.

ಮೂಟೆ ಹೊತ್ತದ್ದು ನಾಲ್ಕು ಜನ. ಲೋಟ ಹಿಡಿದದ್ದು ಅವಳೊಬ್ಬಳೇ. ಅರ್ಧ ಗಂಟೆಗೊಮ್ಮೆ ಹಿಡಿಯುವಳು, ನೋಡುವಳು, ಚೆಲ್ಲುವಳು. ಎರಡು ಗಂಟೆಯ ಸುಮಾರಿಗೆ ನಾನು ಕೆಸರಲ್ಲೇ ಕೂತು ಅತ್ತೆ. ಕೆಳಗೆ ಕತ್ತಲಲ್ಲಿ ಇಡೀ ಊರಿತ್ತು. ಆ ಗುಂಡಿ ಮುಚ್ಚಿದ್ದಕ್ಕೆ ಬಿಲ್ ಪಾಸ್ ಮಾಡಿಸಿದವಳು ನಾನು. "ಅಕ್ಕ, ನೀನು ಅವತ್ತೇ ಹೇಳಿದ್ದೆ" ಅಂದೆ. "ಹೇಳಿದ್ದೆ" ಅಂದಳು. ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಲೋಟ ನನ್ನ ಕೈಗೆ ಕೊಟ್ಟು, "ಈಗ ನೀನು ಹಿಡಿ, ನನ್ನ ಬೆನ್ನು ಹೋಯ್ತು" ಅಂದಳು.

ಬೆಳಕು ಹರಿಯುವ ಹೊತ್ತಿಗೆ ಲೋಟದ ತಳ ಕಂಡಿತು. ಅಡಿಯಲ್ಲಿ ಕೊರೆಸಿದ ಹೆಸರೂ ಓದಲು ಬಂತು. ಅವಳ ತವರಿನವರು ಮದುವೆಯಲ್ಲಿ ಕೊಟ್ಟ ಲೋಟ.

ಆಮೇಲಿನ ನಾಲ್ಕು ತಿಂಗಳು ನಾನು ಬೆಂಗಳೂರಿನಲ್ಲಿ ಹೇಗಿದ್ದೆ ಅಂತ ಹತ್ತಿರದವರಿಗೆ ಗೊತ್ತು. ಈ ಕೆಲಸ ನನ್ನದಲ್ಲ ಅಂತ ತೀರ್ಮಾನಿಸಿದ್ದೆ. ವಾಪಸ್ ಕರೆದದ್ದೂ ಅವಳೇ. ಫೋನಿನಲ್ಲಿ ಹೇಳಿದ್ದಿಷ್ಟು: "ನಿನ್ನ ನಕ್ಷೆಗಳೆಲ್ಲ ನಮ್ಮ ಅಟ್ಟದ ಮೇಲಿವೆ, ಇಲಿ ತಿಂತಾವೆ." ಹೋದೆ. ಅವಳದೊಂದೇ ಷರತ್ತು, ಇನ್ನು ಮೀಟಿಂಗ್ ದೇವಸ್ಥಾನದ ಕಟ್ಟೆಯಲ್ಲಿ ಬೇಡ. ತೂಬಿನ ಪಕ್ಕದ ಹುಣಸೆ ಮರದ ಕೆಳಗೆ ಸೇರಿದೆವು. ಮೊದಲ ಎರಡು ವಾರ ಕಟ್ಟೆಯವರು ಬರಲಿಲ್ಲ. ಮೂರನೆಯ ವಾರ ಬಂದರು, ಕೆರೆ ಅವರಿಗೂ ಬೇಕಲ್ಲ. ರಂಗೋಲಿ ಪುಡಿ ಈ ಸಲ ಅಕ್ಕನ ಕೈಲಿತ್ತು. ನಾವು ಬರೆದಿದ್ದ ಎರಡು ಕಾಲುವೆಗಳನ್ನು ಅವಳು ಕಾಲಲ್ಲಿ ಒರೆಸಿ ಬೇರೆ ಕಡೆ ಎಳೆದಳು, ಮರೆತುಹೋಗಿದ್ದ ಒಂದು ಹಳೇ ತೂಬನ್ನು ತೋರಿಸಿದಳು. ಅಗೆದಾಗ ಅದರ ಕಲ್ಲು ಸಿಕ್ಕಿತು. ಮೊನ್ನೆ ಪಾಸಾದದ್ದು ಆ ನಕ್ಷೆ, ನನ್ನ ಮೊದಲನೆಯದಲ್ಲ. ನೀರುಗಂಟಿಗೆ ತಿಂಗಳಿಗಿಷ್ಟು ಅಂತ ಸಂಬಳದ ಬಾಬ್ತು ಅದರಲ್ಲಿದೆ. ಅದಕ್ಕೆ ಸಭೆಯಲ್ಲಿ ಜಗಳವಾಯಿತು, ಆದರೂ ಉಳಿಯಿತು.

ಸಭೆ ಮುಗಿದ ಮೇಲೆ ಕೈ ಹಿಡಿದುಕೊಂಡು ಏನೋ ದೊಡ್ಡ ಮಾತು ಹೇಳಲು ಹೋದೆ. ಅಕ್ಕ ಕೇಳಿದ್ದು, "ನನ್ನ ಲೋಟ ಎಲ್ಲಿ?" ಅಂತ.

ಇದೆ ಅಕ್ಕ, ನನ್ನ ಮೇಜಿನ ಮೇಲೇ ಇದೆ, ಪೆನ್ನು ಹಾಕಿಟ್ಟಿದ್ದೇನೆ. ಭಾನುವಾರ ತರುತ್ತೇನೆ. ಅವತ್ತು ಏರಿಯ ಗುಂಡಿಗಳನ್ನೆಲ್ಲ ಮತ್ತೆ ಅಗೆದು ಜೇಡಿಮಣ್ಣು ತುಳಿಯುವ ಕೆಲಸ ಶುರು. ಬರುವವರು ಬೆಳಿಗ್ಗೆ ಏಳಕ್ಕೆ ಹುಣಸೆ ಮರದ ಹತ್ತಿರ ಬನ್ನಿ. ಚಪ್ಪಲಿ ಬಿಟ್ಟು ತುಳಿಯಬೇಕಂತೆ.