ಮಗಳಿಗೊಂದು ಪತ್ರ: ನಾಣ್ಯದ ಹಿಂಬದಿಯ ಹೆಂಗಸರು

ಪುಟ್ಟಿ,

ನೀನು ಮ್ಯೂಸಿಯಂನಿಂದ ಕಳಿಸಿದ ಫೋಟೊ ನೋಡಿದೆ. ಹಳೆಯ ನಾಣ್ಯದ ಮೇಲಿನ ರೋಮಿನ ದೊರೆ ವೆಸ್ಪಾಸಿಯನ್‌ನ ದಪ್ಪ ಕುತ್ತಿಗೆ, ಬೋಳು ತಲೆ ಎಲ್ಲ ಚೆನ್ನಾಗಿ ಬಂದಿದೆ. ಆದರೆ ದೊರೆಯ ಮುಖ ನೋಡಿ ಮುಂದೆ ಹೋಗಿಬಿಟ್ಟೆಯಲ್ಲ! ಕಥೆ ಇರುವುದು ಹಿಂಬದಿಯಲ್ಲಿ ಕಣೇ.

ಕಂಚಿನ ನಾಣ್ಯ ಅಂತಲೇ ಎಲ್ಲರೂ ಕರೆಯುತ್ತಾರೆ. ನಿಜ ಹೇಳಬೇಕೆಂದರೆ, ಸೆಸ್ಟರ್ಷಿಯಸ್ ಅನ್ನುವ ಈ ದೊಡ್ಡ ನಾಣ್ಯ ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್‌ನ ಕಾಲದಿಂದ ಹಿತ್ತಾಳೆಯದು. ಹೊಸದರಲ್ಲಿ ಚಿನ್ನದ ಹಾಗೆ ಹೊಳೆಯುತ್ತಿತ್ತು. ಈಗ ಕಾಣುವ ಹಸಿರು ಬಣ್ಣ ಕಿಲುಬು, ಅಷ್ಟೇ. ತೂಕ ಸುಮಾರು 25 ಗ್ರಾಂ, ಅಗಲ 3 ಸೆಂಟಿಮೀಟರಿಗಿಂತ ಜಾಸ್ತಿ. ಜಾಗ ಇತ್ತಲ್ವಾ, ಅಚ್ಚು ಕೆತ್ತುವವರು ಇಡೀ ದೃಶ್ಯವನ್ನೇ ಕೂರಿಸುತ್ತಿದ್ದರು. ದೊರೆ ನೀರೋನ ಒಂದು ನಾಣ್ಯದಲ್ಲಿ ಆಸ್ಟಿಯಾ ಬಂದರು ಇದೆ, ಹಡಗುಗಳ ಸಮೇತ. ದೊರೆ ಟೈಟಸ್‌ನ ಒಂದರಲ್ಲಿ ಜನ ಕಿಕ್ಕಿರಿದ ಕೊಲೋಸಿಯಂ ಕ್ರೀಡಾಂಗಣ.

ವೆಸ್ಪಾಸಿಯನ್ ಕ್ರಿ.ಶ. 71ರಲ್ಲಿ ಹೊರಡಿಸಿದ ‘ಜುದೇಯಾ ಕಾಪ್ಟಾ’ (ಸೆರೆಸಿಕ್ಕ ಜುದೇಯಾ) ನಾಣ್ಯವನ್ನು ಹುಡುಕಿ ನೋಡು. ಹಿಂದಿನ ವರ್ಷ ಯಹೂದಿಗಳ ನಾಡಾದ ಜುದೇಯಾದ ಜೆರುಸಲೇಮ್ ರೋಮನ್ನರ ಕೈಗೆ ಬಿದ್ದಿತ್ತು. ನಡುವೆ ಒಂದು ಖರ್ಜೂರದ ಮರ. ಅದರ ಬುಡದಲ್ಲಿ ಒಬ್ಬ ಹೆಂಗಸು ತಲೆಗೆ ಕೈಕೊಟ್ಟು ಅಳುತ್ತಾ ಕೂತಿದ್ದಾಳೆ. ಈ ಕಡೆ ದೊರೆ ಈಟಿ ಹಿಡಿದು ನಿಂತಿದ್ದಾನೆ. ಅವಳು ಯಾರೋ ಒಬ್ಬಳಲ್ಲ, ಸೋತ ನಾಡೇ ಅವಳು. ಓದು ಬಾರದ ಕೂಲಿಯವನಿಗೂ ಗೆದ್ದವರಾರು, ಸೋತವರಾರು ಅಂತ ತಿಳಿಯಬೇಕಿತ್ತು. ಕೆತ್ತನೆ ಸೊಗಸಾಗಿದೆ, ಒಪ್ಪುತ್ತೇನೆ. ಆದರೂ ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಹಿಂಬದಿಯಲ್ಲಿ ಕಾಣುವ ಹೆಂಗಸರು ಹೆಚ್ಚಾಗಿ ಹೀಗೇ. ಶಾಂತಿ, ಅದೃಷ್ಟ, ಒಗ್ಗಟ್ಟು, ಇಲ್ಲವೇ ಸೋತ ಯಾವುದೋ ನಾಡು. ನಿಜವಾದ ಹೆಂಗಸರು ಕಡಿಮೆ. ಅದಕ್ಕೇ ವೆಸ್ಪಾಸಿಯನ್‌ಗಿಂತ ಮುಂಚಿನ ದೊರೆ ಕಾಲಿಗುಲಾನ ನಾಣ್ಯ ನನಗೆ ಇಷ್ಟ. 37ರಲ್ಲಿ ಪಟ್ಟಕ್ಕೆ ಬಂದವನೇ ತನ್ನ ಮೂವರು ತಂಗಿಯರನ್ನು ಸಾಲಾಗಿ ನಿಲ್ಲಿಸಿ, ಹೆಸರು ಸಮೇತ ಅಚ್ಚು ಹಾಕಿಸಿದ. ಅಗ್ರಿಪ್ಪಿನಾ ಕಂಬಕ್ಕೆ ಒರಗಿದ್ದಾಳೆ. ಡ್ರುಸಿಲ್ಲಾಳ ಕೈಯಲ್ಲಿ ಪೂಜೆಯ ಬಟ್ಟಲು. ಜೂಲಿಯಾ ಅದೃಷ್ಟದೇವತೆಯ ಹಾಗೆ ಹಡಗಿನ ಚುಕ್ಕಾಣಿ ಹಿಡಿದಿದ್ದಾಳೆ. ಅಣ್ಣನಿಗೆ ಎಷ್ಟು ಪ್ರೀತಿ ಅಂದುಕೊಂಡೆಯಾ? 38ರಲ್ಲಿ ಡ್ರುಸಿಲ್ಲಾ ತೀರಿಕೊಂಡಳು. ಮರುವರ್ಷವೇ ಪಿತೂರಿಯ ಆರೋಪ ಹೊರಿಸಿ ಉಳಿದಿಬ್ಬರನ್ನೂ ಗಡಿಪಾರು ಮಾಡಿದ.

41ರಲ್ಲಿ ಅವನ ಕೊಲೆಯಾಯಿತು. ಸುಮಾರು ಎರಡು ವರ್ಷದ ಮೇಲೆ ಅವನ ಮುಖವಿದ್ದ ಕಂಚಿನ ನಾಣ್ಯಗಳನ್ನೆಲ್ಲ ಕರಗಿಸಿ ಅಂತ ರೋಮಿನ ಆಡಳಿತ ಸಭೆಯಾದ ಸೆನೆಟ್ ಅಪ್ಪಣೆ ಮಾಡಿತು. ಕರಗಿಸಿದ ಲೋಹ ಏನಾಯಿತು ಅನ್ನುವುದನ್ನು ಇತಿಹಾಸಕಾರ ಡಿಯೊ ಮೂಗು ಮುರಿದುಕೊಂಡೇ ಬರೆದಿದ್ದಾನೆ. ಹೊಸ ದೊರೆ ಕ್ಲಾಡಿಯಸ್‌ನ ಹೆಂಡತಿ ಮೆಸ್ಸಾಲಿನಾ ಅದರಲ್ಲಿ ತನ್ನ ಮೆಚ್ಚಿನ ನಟ ಮ್ನೆಸ್ಟರ್‌ನ ವಿಗ್ರಹಗಳನ್ನು ಮಾಡಿಸಿದಳಂತೆ! ಡಿಯೊ ಹೇಳಿದ್ದೆಲ್ಲ ಪೂರ್ತಿ ನಂಬಬೇಡ, ಅವನು ಬರೆದದ್ದು ಒಂದೂವರೆ ಶತಮಾನಕ್ಕೂ ಹೆಚ್ಚು ತಡವಾಗಿ. ಅಪ್ಪಣೆಯೂ ಎಲ್ಲ ಕಡೆ ನಡೆದಂತಿಲ್ಲ. ಮೂವರು ತಂಗಿಯರ ನಾಣ್ಯ ಅಪರೂಪ ನಿಜ, ಆದರೆ ಒಂದಷ್ಟು ಹೇಗೋ ಉಳಿದುಕೊಂಡಿವೆ.

ಇಂತಿ,
ಅಪ್ಪ