ಮೆತ್ತಿನ ಮೇಲಿನ ಚಾಲಿ ಅಡಿಕೆ ಮಾರಬೇಡಿ

ಲೀಡ್ಸ್, 16-3-2024

ತೀರ್ಥರೂಪ ಅಪ್ಪಯ್ಯನವರಿಗೆ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ.

ನಿಮ್ಮ ಕಾಗದ ಮೊನ್ನೆ ತಲುಪಿತು. ನನ್ನ ಸಾಲ ತೀರಿಸುವುದಕ್ಕೆಂದು ಮೆತ್ತಿನ ಮೇಲಿನ ಚಾಲಿ ಅಡಿಕೆಯನ್ನೆಲ್ಲ ಈಗಲೇ ಮಂಡಿಗೆ ಹಾಕುವುದಾಗಿ ಬರೆದಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಕಳೆದ ಭಾನುವಾರ ಇದನ್ನೇ ಫೋನಿನಲ್ಲಿ ಹೇಳಹೊರಟರೆ, ನೀವು ಅರ್ಧದಲ್ಲೇ ಫೋನನ್ನು ಆಯಿಯ ಕೈಗೆ ಕೊಟ್ಟುಬಿಟ್ಟಿರಿ. ಆದ್ದರಿಂದ ಲೆಕ್ಕಸಹಿತ ಬರೆಯುತ್ತಿದ್ದೇನೆ.

ವಿನಾಯಕ ಭಾವ ಇಲ್ಲಿಗೆ ಬಂದಾಗ ನನ್ನ ಮೇಜಿನ ಮೇಲೆ ಕಂಡದ್ದು ಕ್ರೆಡಿಟ್ ಕಾರ್ಡಿನ ಬಿಲ್ಲು ಎಂಬುದು ನಿಜ, ಅದರಲ್ಲಿ ಐದು ಸಾವಿರ ಪೌಂಡಿಗೂ ಹೆಚ್ಚು ಬಾಕಿ ಇದ್ದದ್ದೂ ನಿಜ. ಆದರೆ ಅದರ ಪಕ್ಕದಲ್ಲೇ ಇದ್ದ ನನ್ನ ನೋಟುಬುಕ್ಕನ್ನು ಭಾವ ತೆರೆದು ನೋಡಲಿಲ್ಲ. ಅದರಲ್ಲಿ ಎಡಕ್ಕೆ ಕಾರ್ಡಿನ ಬಾಕಿ, ಬಲಕ್ಕೆ ಉಳಿತಾಯ ಖಾತೆಯ ಮೊತ್ತ ಬರೆದಿಡುತ್ತೇನೆ. ಇಂದು ಬೆಳಿಗ್ಗೆ ಎಡಕ್ಕೆ 5,640 ಪೌಂಡ್, ಬಲಕ್ಕೆ 5,731.

ಇಲ್ಲಿಯ ಬ್ಯಾಂಕುಗಳು ಹೊಸ ಗಿರಾಕಿಗಳನ್ನು ಸೆಳೆಯಲು ಇಷ್ಟು ತಿಂಗಳು ಬಡ್ಡಿಯೇ ಇಲ್ಲವೆಂದು ಕಾರ್ಡು ಕೊಡುತ್ತವೆ. ಸಾಲ ತೆಗೆದುಕೊಳ್ಳಿರೆಂದು ಬಾಗಿಲ ಸಂದಿಯಿಂದ ಲಕೋಟೆಗಳು ತಾವಾಗಿ ಬಂದು ಬೀಳುವ ದೇಶವಿದು. ನನ್ನ ಕಾರ್ಡಿಗೆ ಕಳೆದ ಜುಲೈಯಿಂದ 20 ತಿಂಗಳ ಅವಧಿ, 6,000 ಪೌಂಡಿನ ಮಿತಿ. ದಿನಸಿ, ರೈಲು ಪಾಸು, ಫೋನು ಮುಂತಾಗಿ ಹೇಗಿದ್ದರೂ ಆಗುವ ಖರ್ಚನ್ನು ಕಾರ್ಡಿನಲ್ಲಿ ಮಾಡುತ್ತೇನೆ. ಆ ಖರ್ಚಿಗೆಂದು ಸಂಬಳದಲ್ಲಿ ಇದ್ದ ಹಣವನ್ನು ಮುಟ್ಟದೆ, ಶೇ 5ರ ಆಸುಪಾಸು ಬಡ್ಡಿ ಬರುವ, ಬೇಕೆಂದಾಗ ತೆಗೆಯಬಹುದಾದ ಖಾತೆಗೆ ಹಾಕುತ್ತೇನೆ. ತಿಂಗಳಿಗೊಮ್ಮೆ ಕನಿಷ್ಠ ಕಂತು ಮಾತ್ರ ಕಟ್ಟುತ್ತೇನೆ. ಅವಧಿ ಮುಗಿಯುವ ಮೊದಲು ಅಸಲನ್ನು ಪೂರ್ತಿ ತೀರಿಸಿದರೆ ಸುಮಾರು 350 ಪೌಂಡ್, ಅಂದರೆ 36 ಸಾವಿರ ರೂಪಾಯಿಗೂ ಮೇಲೆ, ನನ್ನಲ್ಲೇ ಉಳಿಯುತ್ತದೆ. ನನ್ನ ತೆರಿಗೆಯ ದರ್ಜೆಯವರಿಗೆ ವರ್ಷಕ್ಕೆ 1,000 ಪೌಂಡಿನವರೆಗಿನ ಬಡ್ಡಿಗೆ ತೆರಿಗೆಯೂ ಇಲ್ಲ. ಇದಕ್ಕೆ ಇಲ್ಲಿ ‘ಸ್ಟೂಜಿಂಗ್’ ಎಂದು ಹೆಸರು. ಇಂಟರ್ನೆಟ್ಟಿನಲ್ಲಿ ಸ್ಟೂಜ್ ಎಂಬ ಅಡ್ಡಹೆಸರಿನಿಂದ ಬರೆಯುತ್ತಿದ್ದವನೊಬ್ಬನಿಂದ ಆ ಹೆಸರು ಬಂತಂತೆ.

ಇದು ನಿಮಗೆ ಹೊಸತೇನೂ ಅಲ್ಲ ಅಪ್ಪಯ್ಯ. ಕಾಗದದಲ್ಲಿ ಬರೆಯಬಾರದ ಮಾತಾದರೂ ಬರೆಯುತ್ತೇನೆ: ಸೊಸೈಟಿಯಲ್ಲಿ ಶೂನ್ಯ ಬಡ್ಡಿಯ ಬೆಳೆಸಾಲವನ್ನು ಅಗತ್ಯವಿಲ್ಲದ ವರ್ಷವೂ ತೆಗೆದು, ಅದನ್ನು ಆಯಿಯ ಹೆಸರಿನಲ್ಲಿ ಠೇವಣಿ ಇಟ್ಟು, ಗಡುವಿನ ಹಿಂದಿನ ವಾರ ಕಟ್ಟಿ ಬರುತ್ತಿದ್ದವರು ಯಾರು? ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರೆಂದು ಹೋದ ವರ್ಷ ನೀವೇ ಸಂತೋಷದಿಂದ ತಿಳಿಸಿದ್ದಿರಿ. ಕಟ್‌ಬಾಕಿಯಾದರೆ ಅಲ್ಲಿ ಬಡ್ಡಿ ಬೀಳುವಂತೆ ಇಲ್ಲಿಯೂ ಬೀಳುತ್ತದೆ, ಅದೂ ಶೇ 20ಕ್ಕೂ ಮೇಲೆ. ಜನ ಮರೆಯುತ್ತಾರೆ ಎಂಬ ನಂಬಿಕೆಯಿಂದಲೇ ಬ್ಯಾಂಕಿನವರು ಈ ಧಾರಾಳತನ ತೋರಿಸುವುದು.

ಮುಚ್ಚಿಡುವುದಿಲ್ಲ, ನಾನೂ ಒಮ್ಮೆ ಎಡವಿದ್ದೇನೆ. 2022ರ ಕೊನೆಯಲ್ಲಿ ಸಂಬಳದ ಖಾತೆಯನ್ನು ಬದಲಿಸಿದಾಗ ಹಳೆಯ ಕಾರ್ಡಿನ ಕಂತು ತಾನಾಗಿ ಹೋಗುವ ವ್ಯವಸ್ಥೆ ತಪ್ಪಿ, 12 ಪೌಂಡ್ ದಂಡ ಬಿತ್ತು, ಬಡ್ಡಿರಹಿತ ಸೌಲಭ್ಯವೂ ಅಂದೇ ರದ್ದಾಯಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಹಣ ಕೈಯಳತೆಯಲ್ಲೇ ಇದ್ದುದರಿಂದ ಮರುದಿನವೇ ಪೂರ್ತಿ ತೀರಿಸಿದೆ. ಈಗ ಕಂತು ಹೋಗುವ ದಿನವನ್ನು ಫೋನಿನಲ್ಲೂ ಗೋಡೆಯ ಕ್ಯಾಲೆಂಡರಿನಲ್ಲೂ ಗುರುತು ಮಾಡಿಟ್ಟಿದ್ದೇನೆ. ಕಾರ್ಡಿನಿಂದ ಒಂದು ಪೌಂಡನ್ನೂ ನಗದಾಗಿ ತೆಗೆಯುವುದಿಲ್ಲ, ಏಕೆಂದರೆ ಅದಕ್ಕೆ ಆ ದಿನದಿಂದಲೇ ಬಡ್ಡಿ. ಈ ಹಣವನ್ನು ಊರಿನ ಬ್ಯಾಂಕಿನಲ್ಲಿಟ್ಟರೆ ಶೇ 7 ಸಿಗುತ್ತದೆಂದು ಭಾವ ಹೇಳಿದ್ದನ್ನೂ ನಾನು ಒಪ್ಪಿಲ್ಲ. ನಡುವೆ ರೂಪಾಯಿ ಬಿದ್ದರೆ ತೀರಿಸಲು ಹೆಚ್ಚು ಹಣ ಬೇಕಾಗುತ್ತದೆ. ಮುಂದೆ ಮನೆಸಾಲಕ್ಕೆ ಅರ್ಜಿ ಹಾಕುವ ಸಂದರ್ಭ ಬಂದರೆ ಮೊದಲೇ ಇದನ್ನೆಲ್ಲ ತೀರಿಸುತ್ತೇನೆ, ಏಕೆಂದರೆ ಅವರು ಎಡಗಡೆಯ ಅಂಕಿಯನ್ನೇ ಮೊದಲು ನೋಡುತ್ತಾರೆ, ಭಾವನ ಹಾಗೆ.

ಇದು ಸದಾ ನಡೆಯುವ ವ್ಯಾಪಾರವೂ ಅಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡಿನ ಬಡ್ಡಿದರ 2021ರಲ್ಲಿ ಹೆಚ್ಚುಕಡಿಮೆ ಇಡೀ ವರ್ಷ ಶೇ 0.1 ಇದ್ದಾಗ ಇದರಲ್ಲಿ ಚಹಾದ ಖರ್ಚೂ ಹುಟ್ಟುತ್ತಿರಲಿಲ್ಲ. ಕಳೆದ ಆಗಸ್ಟಿನಿಂದ ಅದು ಶೇ 5.25ರಲ್ಲಿ ನಿಂತಿರುವುದರಿಂದ ಈ ಲಾಭ. ದರ ಇಳಿದರೆ ನಿಲ್ಲಿಸುತ್ತೇನೆ.

ನಾನು ಚೆನ್ನಾಗಿದ್ದೇನೆ, ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ, ಯಾರಿಗೂ ಹೆದರಿ ಬಾಗಿಲು ಮುಚ್ಚಿಕೊಂಡು ಕೂತಿಲ್ಲ. ಚಾಲಿಯನ್ನು ದರ ನೋಡಿಕೊಂಡು ನಿಧಾನವಾಗಿ ಮಾರಿ. ಆ 12 ಪೌಂಡಿನ ದಂಡದ ಸುದ್ದಿಯನ್ನು ಮಾತ್ರ ಆಯಿಗೆ ಹೇಳಬೇಡಿ. ಶನಿವಾರ ಟಪಾಲು ಪೆಟ್ಟಿಗೆಯನ್ನು ಮಧ್ಯಾಹ್ನಕ್ಕೇ ಖಾಲಿ ಮಾಡುತ್ತಾರೆ, ಈಗಲೇ ಓಡಬೇಕು. ಉಳಿದದ್ದು ಫೋನಿನಲ್ಲಿ.

ಇಂತಿ ನಿಮ್ಮ ಮಗ,
ಗಣಪತಿ