ನಮ್ಮ ಲೈಬ್ರರಿ ಅಕ್ಕನಿಗೆ, ಜತೆಗೆ ನಿಂತ ಎಲ್ಲರಿಗೂ

ಭಾನುವಾರ ಸಂಜೆ ಬೀಥೋವನ್‌ನ ಐದನೇ ಸಿಂಫನಿ ನಾಲ್ಕೂ ಭಾಗ ಸೇರಿ, ಎಲ್ಲೂ ಮೊಟಕು ಮಾಡದೆ, ಮುಗಿಯಿತು. ಇಷ್ಟು ವರ್ಷ ಒಂದೊಂದೇ ಭಾಗ ನುಡಿಸಿಕೊಂಡು ಬಂದ ನಮ್ಮ ವಾದ್ಯವೃಂದಕ್ಕೆ ಇಡೀ ಸಿಂಫನಿ ಇದೇ ಮೊದಲು. ಅಭ್ಯಾಸಕ್ಕೆ ಹಾಲ್ ಬಿಟ್ಟುಕೊಟ್ಟ ಶಾಲೆಯವರಿಗೆ, ಟಿಂಪನಿ ಎಂಬ ನಗಾರಿಗಳು ಮತ್ತು ಆಳೆತ್ತರದ ತಂತಿವಾದ್ಯ ಡಬಲ್ ಬಾಸ್‌ಗಳನ್ನು ಗೀರು ಬೀಳದಂತೆ ಟೆಂಪೋದಲ್ಲಿ ತಂದಿಳಿಸಿದ ಅಣ್ಣನಿಗೆ, ಕುರ್ಚಿ ಜೋಡಿಸಿದ ಮಕ್ಕಳಿಗೆ, ಇಂಟರ್ವಲ್‌ನಲ್ಲಿ ಟೀ ಕೊಟ್ಟವರಿಗೆ ನಮಸ್ಕಾರ. ಹಿಂದಿನ ದಿನ ಚೆಲ್ಲೊ (ಕೂತು ನುಡಿಸುವ ದೊಡ್ಡ ಪಿಟೀಲು) ಒಂದರೊಳಗೆ ಬಿದ್ದುಹೋಗಿದ್ದ ಸೌಂಡ್ ಪೋಸ್ಟ್ ಎಂಬ ಮರದ ಕಡ್ಡಿಯನ್ನು ಮತ್ತೆ ನಿಲ್ಲಿಸಿಕೊಟ್ಟ ಬಳೇಪೇಟೆಯ ಕುಶಲಕರ್ಮಿಗೂ ನಾವು ಋಣಿ. ಆ ಕಡ್ಡಿಗೆ ಅಂಟು ಹಾಕಿರುವುದಿಲ್ಲ, ತಂತಿಗಳ ಒತ್ತಡದ ಮೇಲೇ ಅದು ನಿಂತಿರುತ್ತದೆ. ಆದ್ದರಿಂದ ತಂತಿ ಬದಲಿಸುವಾಗ ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡಿ, ಒಂದು ಬಿಚ್ಚಿ, ಒಂದು ಹಾಕಿ, ಆಮೇಲೆ ಮುಂದಿನದು.

ಟ್ರಾಂಬೋನ್ ಸಾಲಿನ ಹಿರಿಯರು ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾಗಿ ಬಂದವರು. ಈ ಸಿಂಫನಿಯಲ್ಲಿ ಟ್ರಾಂಬೋನ್, ಪಿಕಲೊ (ಪುಟ್ಟ ಕೊಳಲು), ಕಾಂಟ್ರಾಬಸೂನ್ (ಅತಿ ತಗ್ಗು ದನಿಯ ಊದುವ ವಾದ್ಯ) ಮೂರಕ್ಕೂ ಮೊದಲ ಮೂರು ಭಾಗಗಳಲ್ಲಿ ಒಂದು ಸ್ವರವೂ ಇಲ್ಲ. ಅಷ್ಟು ಹೊತ್ತು ಸುಮ್ಮನೆ ಕುಳಿತು, ತಣ್ಣಗಾದ ಹಿತ್ತಾಳೆ ಹಿಡಿದುಕೊಂಡು, ನಾಲ್ಕನೇ ಭಾಗದ ಮೊದಲ ಸ್ವರವನ್ನೇ ಪೂರ್ತಿ ದನಿಯಲ್ಲಿ ಊದಬೇಕು. ವಾದ್ಯ ತಣ್ಣಗಾದರೆ ಶ್ರುತಿ ಇಳಿಯುತ್ತದೆ. ಮೂರನೇ ಭಾಗದ ಕೊನೆಯಲ್ಲಿ ಟಿಂಪನಿ ಮೆಲ್ಲಗೆ ಮಿಡಿಯುವಾಗ ಕೊಳವೆಯೊಳಗೆ ಸದ್ದಿಲ್ಲದೆ ಬಿಸಿ ಉಸಿರು ಬಿಡುವುದನ್ನು ಉಳಿದವರಿಗೆ ಕಲಿಸಿಕೊಟ್ಟವರು ಅವರೇ. ಪಾಶ್ಚಾತ್ಯ ಸಂಗೀತದ ಈ ವಿದ್ಯೆ ನಮ್ಮ ನಾಡಿಗೆ ಹೊಸದೇನಲ್ಲ. ಮೈಸೂರು ಅರಮನೆಯಲ್ಲಿ ಕರ್ನಾಟಕ ಬ್ಯಾಂಡಿನ ಜತೆಗೇ ಇಂಗ್ಲಿಷ್ ಬ್ಯಾಂಡೂ ಇತ್ತು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ 1948ರಲ್ಲಿ ಮೊದಲ ಅಧ್ಯಕ್ಷರಾದವರು ಜಯಚಾಮರಾಜ ಒಡೆಯರ್. ರಷ್ಯಾದ ಸಂಗೀತ ರಚನಕಾರ ಮೆಟ್ನರ್‌ನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರೂ ಅವರೇ, ಶ್ರೀವಿದ್ಯೆಯ ಕೀರ್ತನೆಗಳನ್ನು ರಚಿಸಿದವರೂ ಅವರೇ.

ಇನ್ನು ಅಕ್ಕನ ವಿಷಯ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ವಯೋಲಾ (ಪಿಟೀಲಿಗಿಂತ ಸ್ವಲ್ಪ ದೊಡ್ಡ ತಂತಿವಾದ್ಯ) ಸಾಲಿನ ಕೊನೆಯ ಡೆಸ್ಕಿನಲ್ಲಿ ಕೂರುವವರು, ನಮ್ಮ ಲೈಬ್ರರಿ ನೋಡಿಕೊಳ್ಳುವವರು ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ.

ವಾದ್ಯವೃಂದದ ಲೈಬ್ರರಿ ಎಂದರೆ ಏನು ಕೆಲಸ ಎಂಬುದು ಕೇಳುವವರಿಗೆ ಕಾಣುವುದಿಲ್ಲ. ಈ ಒಂದು ಕೃತಿಯನ್ನೇ ತೆಗೆದುಕೊಳ್ಳಿ. ಊದುವ ವಾದ್ಯ, ಟಿಂಪನಿ ಸೇರಿ ಸ್ವರಲಿಪಿಯ 18 ಬೇರೆ ಬೇರೆ ಪ್ರತಿ. ತಂತಿವಾದ್ಯದಲ್ಲಿ ಇಬ್ಬರಿಗೊಂದು: ನಮ್ಮ 8 ಮೊದಲ ಪಿಟೀಲಿಗೆ 4, 7 ಎರಡನೇ ಪಿಟೀಲಿಗೆ 4, ವಯೋಲಾ 5ಕ್ಕೆ 3, ಚೆಲ್ಲೊ 5ಕ್ಕೆ 3, ಬಾಸ್ 3ಕ್ಕೆ 2. ಒಟ್ಟು 34. ಎ4 ಹಾಳೆಯಲ್ಲಿ ಪ್ರಿಂಟ್ ತೆಗೆಸಿದರೆ ಸ್ವರ ಬರೆಯುವ ಐದು ಗೆರೆಗಳ ಎತ್ತರ 7 ಮಿಲಿಮೀಟರ್‌ಗಿಂತ ಕೆಳಗಿಳಿದು ಸ್ಟ್ಯಾಂಡಿನ ದೂರಕ್ಕೆ ಕಣ್ಣಿಗೆ ಸಿಗುವುದಿಲ್ಲ. ಅದಕ್ಕೇ ಅಕ್ಕ ಅವೆನ್ಯೂ ರಸ್ತೆಯಿಂದ ದಪ್ಪನೆಯ 100 ಜಿಎಸ್‌ಎಂ ಕಾಗದ ತಂದು, ಪುಟ ಎ4ಗಿಂತ ದೊಡ್ಡದಾಗುವಂತೆ ತೆಗೆಸಿ, ಮಡಚಿ ಹೊಲಿಯುತ್ತಾರೆ. ತೆಳು ಕಾಗದವಾದರೆ ಹಿಂಬದಿಯ ಸ್ವರಗಳು ದೀಪಕ್ಕೆ ಕಾಣುತ್ತವೆ, ಫ್ಯಾನ್ ಗಾಳಿಗೆ ಪುಟ ತಾನೇ ತಿರುಗುತ್ತದೆ. ನಮ್ಮಲ್ಲಿ ಎರಡು ಬೇರೆ ಮುದ್ರಣಗಳ ಪ್ರತಿ ಬೆರೆತಿದ್ದವು. ಒಂದರಲ್ಲಿ ಎಲ್ಲಿಂದ ನುಡಿಸಬೇಕೆಂದು ಹೇಳಲು ಎ, ಬಿ, ಸಿ ಎಂದು ಗುರುತಿನ ಅಕ್ಷರಗಳಿದ್ದರೆ ಇನ್ನೊಂದರಲ್ಲಿ ಇರಲಿಲ್ಲ. ‘ಸಿ ಇಂದ’ ಎಂದರೆ ಅರ್ಧ ಜನ ಪುಟ ಹುಡುಕುತ್ತಿದ್ದರು. ಮೊದಲ ಭಾಗದಲ್ಲೇ 502 ಬಾರ್ (ತಾಳದ ಒಂದೊಂದು ಸುತ್ತು). ಎಲ್ಲ 34 ಪ್ರತಿಗಳಲ್ಲಿ ಪ್ರತಿ ಸಾಲಿನ ಮೊದಲ ಬಾರ್ ಮೇಲೆ ಅಕ್ಕ ಕೈಯಲ್ಲೇ ಸಂಖ್ಯೆ ಬರೆದರು.

ನಮ್ಮಲ್ಲಿ ಓಬೋ ಎಂಬ ಊದುವ ವಾದ್ಯ ಒಂದೇ. ಎರಡನೇ ಓಬೋದ ಪ್ರತಿಯನ್ನು ಅಕ್ಕ, ಬರೆದದ್ದಕ್ಕಿಂತ ಒಂದು ಸ್ವರ ಕೆಳಗೆ ಕೇಳಿಸುವ ಬಿ-ಫ್ಲ್ಯಾಟ್ ಕ್ಲಾರಿನೆಟ್‌ಗೆ ಒಂದು ಪೂರ್ಣ ಸ್ವರ ಮೇಲೆ ಬರೆದುಕೊಟ್ಟರು. ಮೂರು ಫ್ಲ್ಯಾಟ್ (ಸ್ವರ ಇಳಿಸುವ ಗುರುತು) ಇದ್ದದ್ದು ಒಂದಾಗುತ್ತದೆ, ಮಧ್ಯೆ ಬರುವ ಒಂದೊಂದು ನ್ಯಾಚುರಲ್ಲನ್ನೂ (ಆ ಇಳಿಕೆ ತೆಗೆಯುವ ಗುರುತು) ಮತ್ತೆ ಲೆಕ್ಕ ಹಾಕಬೇಕು. ಕಾಂಟ್ರಾಬಸೂನ್ ಇಲ್ಲವೇ ಇಲ್ಲ. ಅದು ಬಹುಪಾಲು ಬಾಸ್ ಜತೆಗೇ ಸಾಗುವುದರಿಂದ ಆ ಕೊರತೆ ಹೇಗೋ ನಿಭಾಯಿತು. ಮೊದಲ ಭಾಗದ 303ನೇ ಬಾರಿನಲ್ಲಿ ಹಾರ್ನ್‌ಗಳ ಕೂಗನ್ನು ಬೀಥೋವನ್ ಬಸೂನ್‌ಗಳಿಗೆ ಬರೆದ, ಏಕೆಂದರೆ ಅಂದಿನ ವಾಲ್ವ್ (ಸ್ವರ ಬದಲಿಸುವ ಒತ್ತುಗುಂಡಿ) ಇಲ್ಲದ ಇ-ಫ್ಲ್ಯಾಟ್ ಹಾರ್ನ್‌ನಲ್ಲಿ ಅಲ್ಲಿಗೆ ಬೇಕಾದ ಸ್ವರಗಳು ನೇರವಾಗಿ ಹುಟ್ಟುತ್ತಿರಲಿಲ್ಲ. ಈಗ ವಾಲ್ವ್ ಇದೆ. ನಮ್ಮ ಹಾರ್ನ್ ಪ್ರತಿಯ ಅಂಚಿನಲ್ಲಿ ಅಕ್ಕನ ದುಂಡಕ್ಷರ: ‘ಬಸೂನ್ ಜತೆ ನೀವೂ ಊದಿ.’

ಆ ಮಳೆಯ ರಾತ್ರಿ ಸ್ಟೋರ್ ರೂಮಿಗೆ ನೀರು ನುಗ್ಗಿದ್ದು ನಿಮಗೆಲ್ಲ ಗೊತ್ತಿರುವುದೇ. ಮತ್ತೆ ಹೇಳಬೇಕಿಲ್ಲ. ಬೀಥೋವನ್‌ಗೆ ಹಕ್ಕುಸ್ವಾಮ್ಯದ ತೊಡಕಿಲ್ಲ, ಬರೀ ಅಚ್ಚಾದ ಹಾಳೆಯಾಗಿದ್ದರೆ ಮರುದಿನವೇ ಹೊಸ ಪ್ರಿಂಟ್ ತೆಗೆಸಬಹುದಿತ್ತು. ಆದರೆ ಆ ಹಾಳೆಗಳ ಮೇಲೆ ನಮ್ಮ ಮೇಷ್ಟ್ರ ಪೆನ್ಸಿಲ್ ಬರಹ ಇತ್ತು.

ಮೇಷ್ಟ್ರು ಮೊದಲ ಡೆಸ್ಕಿನಲ್ಲಿ ಕೂತು ಹಾಕಿದ ಕಮಾನಿನ ಗುರುತುಗಳು. ಯಾವ ಸ್ವರಕ್ಕೆ ಕಮಾನು ಕೆಳಗೆ, ಯಾವುದಕ್ಕೆ ಮೇಲೆ, ಎಲ್ಲಿ ತುದಿ, ಎಲ್ಲಿ ಹಿಡಿಯ ಹತ್ತಿರ. ಕರ್ನಾಟಕ ಸಂಗೀತ ಕಲಿತು ಬಂದವರಿಗಾಗಿ ಮೊದಲ ಸಾಲಿನಡಿ ಬರೆದ ‘ಪ ಪ ಪ ಗಾ, ಮ ಮ ಮ ರೀ’. ಅದರ ಪಕ್ಕದಲ್ಲೇ ‘ಅನಾಗತ ಎಡುಪು, ಗಮಕ ಬೇಡ’. ಈ ಸಿಂಫನಿಯ ಮೊದಲ ಬಾರ್ ಶುರುವಾಗುವುದು ಅರ್ಧ ಎಣಿಕೆಯ ಮೌನದಿಂದ. ಆ ಮೌನವನ್ನು ಎಣಿಸದವರು ಮೂರು ಸ್ವರಗಳನ್ನು ತ್ರಿಶ್ರ (ಒಂದು ಎಣಿಕೆಗೆ ಸಮನಾದ ಮೂರು) ಮಾಡಿಬಿಡುತ್ತಾರೆ. ತಾಳ ಬಿದ್ದ ಮೇಲೆ ಎತ್ತಿಕೊಳ್ಳಿ ಎಂದು ಆ ಎರಡು ಪದಗಳಲ್ಲಿ ಹೇಳಿದ ಮೇಲೆ ಆ ಗೊಂದಲ ಮತ್ತೆ ಬರಲಿಲ್ಲ. ನಾಲ್ಕನೇ ಭಾಗದ ತಲೆಯ ಮೇಲೆ ಒಂದೇ ಪದ, ಆ ಭಾಗದ ಸ್ವರಗಳಿಗೆ ಹೊಂದುವ ರಾಗದ ಹೆಸರು: ‘ಶಂಕರಾಭರಣ!’ ಕಂಡಕ್ಟರ್ ಕಡೆ ನೋಡಲೇಬೇಕಾದಲ್ಲೆಲ್ಲ ಪುಟ್ಟದೊಂದು ಕನ್ನಡಕದ ಚಿತ್ರ. ಆರೇಳು ಪಿಟೀಲು, ಒಂದು ಚೆಲ್ಲೊ ಇದ್ದ ಕಾಲದಿಂದ ಇಲ್ಲಿಯವರೆಗಿನ ನಮ್ಮ ಚರಿತ್ರೆಯನ್ನು ಯಾರೂ ಬರೆದಿಟ್ಟಿಲ್ಲ. ಇದ್ದದ್ದು ಆ ಅಂಚುಗಳಲ್ಲಿ ಮಾತ್ರ. ಮೇಷ್ಟ್ರು ಈಗಿಲ್ಲ. ಅವರ ಕೈಬರಹವೂ ಹೋಗಿದ್ದರೆ ನಾವು ಏನು ಮಾಡುತ್ತಿದ್ದೆವೋ ಗೊತ್ತಿಲ್ಲ. ಇದನ್ನು ಬರೆಯುವಾಗಲೂ ಕೈ ನಡುಗುತ್ತಿದೆ.

ಅಕ್ಕ ಆ ರಾತ್ರಿ ಮಾಡಿದ್ದನ್ನು ಇಲ್ಲಿ ದಾಖಲಿಸುತ್ತೇವೆ, ಬೇರೆ ತಂಡಗಳಿಗೂ ಬೇಕಾದೀತು. ಒದ್ದೆ ಪ್ರತಿಗಳನ್ನು ಬಿಡಿಸಲು ಹೋಗಲಿಲ್ಲ, ಹಾಗೇ ಅಡಿಯಲ್ಲಿ ರಟ್ಟು ಕೊಟ್ಟು ಎತ್ತಿದರು. ಒದ್ದೆ ಕಾಗದವನ್ನು ಮೂಲೆ ಹಿಡಿದು ಎತ್ತಿದರೆ ತನ್ನ ಭಾರಕ್ಕೆ ತಾನೇ ಹರಿಯುತ್ತದೆ. ಯಾರಿಗೂ ಒರೆಸಲು ಬಿಡಲಿಲ್ಲ. ಪೆನ್ಸಿಲ್ ನೀರಿಗೆ ಕರಗುವುದಿಲ್ಲ, ಲೇಸರ್ ಪ್ರಿಂಟೂ ಕದಡುವುದಿಲ್ಲ, ಆದರೆ ಒದ್ದೆಯಲ್ಲಿ ಬಟ್ಟೆ ಉಜ್ಜಿದರೆ ಪೆನ್ಸಿಲ್ ಹೋಗಿಯೇ ಹೋಗುತ್ತದೆ. ಇಂಕ್‌ಜೆಟ್‌ನಲ್ಲಿ ತೆಗೆಸಿದ್ದ ಎರಡು ಪ್ರತಿಗಳು ಆಗಲೇ ನೀಲಿ ಕಲೆಯಾಗಿದ್ದವು. ಅಚ್ಚಾಗದ ನ್ಯೂಸ್‌ಪ್ರಿಂಟ್ ಹಾಳೆಯನ್ನು ಪುಟಪುಟದ ಮಧ್ಯೆ ಇಟ್ಟು, ಒದ್ದೆಯಾದಂತೆಲ್ಲ ಬದಲಿಸಿದರು. ಫ್ಯಾನನ್ನು ಗೋಡೆಗೆ ತಿರುಗಿಸಿ ಗಾಳಿ ಆಡುವಂತೆ ಮಾಡಿದರು, ನೇರ ಬೀಸಲು ಬಿಡಲಿಲ್ಲ. ಇಸ್ತ್ರಿ ಪೆಟ್ಟಿಗೆ ತಂದವರನ್ನು ತಡೆದರು, ಬಿಸಿಗೆ ಟೋನರ್ ಮೆತ್ತಗಾಗಿ ಎದುರು ಪುಟಕ್ಕೆ ಅಂಟುತ್ತದೆ. ಎರಡು ದಿನದೊಳಗೆ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ, ಎಲ್ಲವನ್ನೂ ಒಂದೇ ಸಲ ಒಣಗಿಸಲು ಜಾಗವಿರಲಿಲ್ಲ. ಹಾಗಾಗಿ ಉಳಿದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸಣ್ಣ ಕಟ್ಟು ಮಾಡಿ ಮನೆಯ ಫ್ರೀಜರ್‌ನಲ್ಲಿಟ್ಟು, ಆಮೇಲೆ ಒಂದೊಂದೇ ಕಟ್ಟು ತೆಗೆದು ಒಣಗಿಸಿದರು. ಬೆಳಗಿನ ಜಾವ ನಾವೆಲ್ಲ ಗೋಡೆಗೊರಗಿ ನಿದ್ದೆ ಹೋಗಿದ್ದಾಗಲೂ ಅವರು ಹಾಳೆ ಬದಲಿಸುತ್ತಿದ್ದರು.

ಅಕ್ಕ, ನೀವು ಆ ರಾತ್ರಿ ಒಮ್ಮೆಯೂ ಕೂರಲಿಲ್ಲ. ಭಾನುವಾರ ಎರಡನೇ ಭಾಗದಲ್ಲಿ ವಯೋಲಾ, ಚೆಲ್ಲೊ ಸೇರಿ ಎತ್ತಿಕೊಂಡಾಗ ಎಲ್ಲರ ಕಮಾನೂ ಒಂದೇ ದಿಕ್ಕಿಗೆ ಹೊರಟಿತಲ್ಲ, ಅದು ಮೇಷ್ಟ್ರ ಗುರುತು, ನೀವು ಉಳಿಸಿದ್ದು.

ಈಗ ಎಲ್ಲ ಪ್ರತಿಗಳನ್ನೂ ಸ್ಕ್ಯಾನ್ ಮಾಡಿಸುತ್ತಿದ್ದೇವೆ. ಕಪಾಟನ್ನು ನೆಲದಿಂದ ಎರಡಡಿ ಎತ್ತರಿಸಿ ಆಗಿದೆ. ಕಾರ್ಯಕ್ರಮ ಮುಗಿದ ಮೇಲೆ ಎಣಿಸಿದಾಗ 33 ಸಿಕ್ಕವು. ಎರಡನೇ ಪಿಟೀಲಿನ ಮೂರನೇ ಡೆಸ್ಕಿನ ಪ್ರತಿ ಯಾರ ಬ್ಯಾಗಿನಲ್ಲಿದೆಯೋ ನೋಡಿ, ಶನಿವಾರದ ಅಭ್ಯಾಸಕ್ಕೆ ಮುಂಚೆ ಅಕ್ಕನ ಕೈಗೆ ತಲುಪಿಸಿ. ಗುರುತುಗಳನ್ನು ದಯವಿಟ್ಟು ಅಳಿಸಬೇಡಿ.